ಎರಡು ನಿಮಿಷ ನಾಲ್ಕು ಸೆಕೆಂಡು ಮುಂದೆ

ಬೆಳಗಿನ ಏಳಕ್ಕೆ ನಮ್ಮ ಓಣಿಯಲ್ಲಿ ಮೊದಲು ಕೇಳುವುದು ಮೋಟಾರಿನ ಸದ್ದು. ಗುಂಯ್ ಎಂಬ ದನಿಯೊಂದು ನೆಲದಿಂದೆದ್ದು, ಏರಿ ಏರಿ, ಒಂದು ಎತ್ತರದಲ್ಲಿ ಸ್ವಲ್ಪ ಹೊತ್ತು ನಿಂತು, ಯಾರೋ ಮೆತ್ತಗೆ ಇಳಿಸಿದಂತೆ ಅಡಗುತ್ತದೆ. ರೈಲು ನಿಲ್ದಾಣದ ಹಿಂದಿನ ಸಾಲಿನಲ್ಲಿ ಹುಲುಗಣ್ಣನವರ ವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿ, ಮರುದಿನ ಬೆಳಿಗ್ಗೆ ಒಂದೊಂದನ್ನೇ ಓಡಿಸಿ ನೋಡುತ್ತಾರೆ. ಅಂಗಡಿಯ ಹಿಂದಿನ ಎರಡು ಕೋಣೆಗಳೇ ಅವರ ಮನೆ. ಆ ಸದ್ದು ಅಡಗುವ ಹೊತ್ತಿಗೆ ಅವರ ಹೆಂಡತಿ ಯಶೋಧಕ್ಕ ಕಟ್ಟೆಯ ಮೇಲೆ ಬಂದು ಕೂರುತ್ತಾರೆ. ತೊಡೆಯ ಮೇಲೆ ಒಂದು ನೋಟ್‌ಬುಕ್ಕು, ಪಕ್ಕದಲ್ಲಿ ಫೋನು, ಅಂಗೈಯಲ್ಲಿ ವಾಚು. ಫೋನಿನ ಪರದೆಯಲ್ಲಿ ಸೆಕೆಂಡು ಸೊನ್ನೆಗೆ ಬರುವುದನ್ನೇ ಕಾದು, ವಾಚಿನ ಮುಳ್ಳು ಎಲ್ಲಿದೆ ಎಂದು ನೋಡಿ, ಒಂದು ಅಂಕಿ ಬರೆಯುತ್ತಾರೆ. ಆಮೇಲೆ ವಾಚಿಗೆ ಕೀ ಕೊಡುತ್ತಾರೆ, ಎಣಿಸಿ ಎಣಿಸಿ. ಆಮೇಲೆ ಚಹಾ.

ಯಶೋಧಕ್ಕನಿಗೆ ಐವತ್ತನಾಲ್ಕು. ಹಗರಿಬೊಮ್ಮನಹಳ್ಳಿಯಲ್ಲಿ ಡಾಕ್ಟರ್ ಗಂಗಾಧರ್ ಅವರ ಹನ್ನೆರಡು ಹಾಸಿಗೆಯ ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ನರ್ಸು. ಊರಿನ ಮೂವತ್ತರೊಳಗಿನವರಲ್ಲಿ ಬಹಳಷ್ಟು ಮಂದಿ ಅವರ ಕೈಯಲ್ಲೇ ಮೊದಲು ಅತ್ತವರು. ನಾನೂ ಅವರಲ್ಲಿ ಒಬ್ಬಳು. ಅಲ್ಲಿಯ ಹೆರಿಗೆ ರಿಜಿಸ್ಟರಿನಲ್ಲಿ ಅವರ ಕೈಬರಹ ಒಂದೇ ಅಳತೆಯಲ್ಲಿ ಸಾಗುತ್ತದೆ. ತಾಯಿಯ ಹೆಸರು, ಊರು, ಗಂಡೋ ಹೆಣ್ಣೋ, ತೂಕ, ಹುಟ್ಟಿದ ಹೊತ್ತು. ಇಷ್ಟು ವರ್ಷದಲ್ಲಿ ಅವರು ಬರೆದ ಸಾಲಿನಲ್ಲಿ ಹೊಡೆದುಹಾಕಿದ ಒಂದು ಗೆರೆಯೂ ಇಲ್ಲ. ಇದನ್ನು ಅವರಾಗಿ ಯಾರಿಗೂ ಹೇಳಿದವರಲ್ಲ. ಡಾಕ್ಟರೇ ಹೊಸಬರು ಕೆಲಸಕ್ಕೆ ಸೇರಿದಾಗಲೆಲ್ಲ ಆ ಪುಸ್ತಕ ತೆರೆದು ತೋರಿಸುತ್ತಾರೆ.

ವಾಚು ಬಂದದ್ದು ಹೋದ ವರ್ಷ. ವರ್ಷಗಟ್ಟಲೆ ಕಟ್ಟಿದ ಚೀಟಿ ಕೈಗೆ ಬಂತು. ಬಳೆ ಮಾಡಿಸುತ್ತಾಳೆ ಎಂದು ಹುಲುಗಣ್ಣನವರು ಎಣಿಸಿದ್ದರು. ಯಶೋಧಕ್ಕ ಒಬ್ಬರೇ ಹುಬ್ಬಳ್ಳಿಗೆ ಹೋಗಿ, ಸಂಜೆ ಸಣ್ಣ ಚೀಲವೊಂದನ್ನು ಎದೆಗೆ ಅವಚಿಕೊಂಡು ಬಸ್ಸಿಳಿದರು. ಚೀಲದೊಳಗೆ ಡಬ್ಬಿ, ಡಬ್ಬಿಯೊಳಗೆ ಇನ್ನೊಂದು ಡಬ್ಬಿ, ಅದರೊಳಗೆ ಸ್ವಿಸ್ ವಾಚು. ಬೆಳ್ಳಗಿನ ಮುಖ, ನೀಲಿ ಮುಳ್ಳುಗಳು, ಕಂದು ಚರ್ಮದ ಪಟ್ಟಿ. ಹಿಂಬದಿ ಗಾಜು. ಗಾಜಿನೊಳಗೆ ಹೊಂಬಣ್ಣದ ಒಂದು ಪುಟ್ಟ ಚಕ್ರ ಅತ್ತಿಂದಿತ್ತ ತೂಗುತ್ತಿರುತ್ತದೆ.

"ಬ್ಯಾಟರಿ ಎಲ್ಲಿ?" ಎಂದರು ಹುಲುಗಣ್ಣ.

"ಇಲ್ಲ."

"ಇಲ್ಲ ಅಂದ್ರ?"

"ಕೀ ಕೊಡಬೇಕು. ದಿನಾ."

ಹುಲುಗಣ್ಣನವರು ಬಹಳ ಹೊತ್ತು ಆ ಚಕ್ರ ನೋಡಿದರು. ಆಮೇಲೆ, "ಲೇ, ಇಷ್ಟು ಕೊಟ್ಟು ದಿನಾ ನಾವ ತಿರುವಬೇಕಾ?" ಎಂದರು.

ಓಣಿಯವರು ಇನ್ನೂ ಗಟ್ಟಿಯಾಗಿ ಅಂದರು. ಎದುರುಮನೆಯ ಬೊಮ್ಮಮ್ಮ ನೀರು ಹಿಡಿಯುತ್ತ, "ಯಶೋಧಾ, ಬಂಗಾರಾದ್ರ ಕೊಳ್ಳಾಗ ಹಾಕ್ಕೊಳ್ಳಾಕ ಬರತಿತ್ತು, ಅಡ ಇಡಾಕ ಬರತಿತ್ತು. ಇದನ್ನ ಏನು ಮಾಡತಿ? ಹೊತ್ತು ನೋಡತೀಯಾ? ಹೊತ್ತು ನನ್ನ ಫೋನಿನ್ಯಾಗೂ ಐತಿ" ಎಂದಳು. ಯಶೋಧಕ್ಕ ನಕ್ಕರು. ಅವರ ನಗು ಯಾವಾಗಲೂ ಅರ್ಧಕ್ಕೆ ನಿಲ್ಲುತ್ತದೆ.

ನನಗೆ ಮಾತ್ರ ಒಂದು ದಿನ ಕಾರಣ ಹೇಳಿದರು. ಬಳ್ಳಾರಿಯಲ್ಲಿ ನರ್ಸಿಂಗ್ ಕಲಿಯುವಾಗ ನಾಡಿ ಎಣಿಸುವ ಪಾಠ ಇತ್ತಂತೆ. ಇವರ ಹತ್ತಿರ ವಾಚಿರಲಿಲ್ಲ. ಜಾನಬಿ ಎಂಬ ಹಿರಿಯ ಸಿಸ್ಟರು ತಮ್ಮ ಕೀ ಕೊಡುವ ವಾಚು ಬಿಚ್ಚಿ ಕೊಟ್ಟು, ಮೊದಲು ಅದನ್ನು ಕಿವಿಗೆ ಹಿಡಿ ಎಂದರಂತೆ. ಬೆರಳಿನಡಿ ರೋಗಿಯ ನಾಡಿ, ಕಿವಿಯಲ್ಲಿ ವಾಚಿನದು. "ಬ್ಯಾಟರಿ ವಾಚಿನ ಮುಳ್ಳು ಹಾರತೈತಿ. ಇದು ನಡೀತೈತಿ," ಎಂದರು ಯಶೋಧಕ್ಕ. "ಅವತ್ತ ಅನ್ಕೊಂಡಿದ್ದೆ, ಒಂದು ತಗೋಬೇಕು ಅಂತ. ತಗೊಳ್ಳಾಕ ಮೂವತ್ತು ವರ್ಷ ಹಿಡೀತು."

ಮೊದಲ ವಾರದಲ್ಲೇ ಒಂದು ಸಂಗತಿ ಅವರ ನಿದ್ದೆ ಕೆಡಿಸಿತು. ವಾಚು ಮುಂದೆ ಓಡುತ್ತಿತ್ತು. ಒಂದು ದಿನ ನಾಲ್ಕು ಸೆಕೆಂಡು, ಒಂದು ದಿನ ಒಂಬತ್ತು. ಹುಲುಗಣ್ಣನವರ ಕೈಯಲ್ಲಿದ್ದ, ಸಂತೆಯಲ್ಲಿ ಕೊಂಡ ಪ್ಲಾಸ್ಟಿಕ್ ವಾಚು ದಿನಕ್ಕೊಂದು ಸೆಕೆಂಡೂ ತಪ್ಪುತ್ತಿರಲಿಲ್ಲ. ಅವರು ಅದನ್ನು ಊಟದ ಹೊತ್ತಿಗೆ ತಟ್ಟೆಯ ಪಕ್ಕ ಇಟ್ಟು, "ನಮ್ಮದು ಬಡವರ ವಾಚು, ಸುಳ್ಳು ಹೇಳಂಗಿಲ್ಲ" ಅನ್ನುತ್ತಿದ್ದರು.

ಯಶೋಧಕ್ಕ ವಾಚನ್ನು ಜಮಾಲ್ ಸಾಬರ ಹತ್ತಿರ ಒಯ್ದರು. ಹಳೆಯ ಬಸ್ ನಿಲ್ದಾಣದ ಎದುರು ಗಾಜಿನ ಪೆಟ್ಟಿಗೆಯಷ್ಟೇ ಅಗಲದ ಅಂಗಡಿ. ಈಗ ಅವರು ಹೆಚ್ಚು ಮಾರುವುದು ಸೆಲ್ಲು, ಪಟ್ಟಿ, ರಿಮೋಟು. ಅವರು ವಾಚನ್ನು ತಿರುಗಿಸಿ ಹಿಂಬದಿಯ ಗಾಜು ನೋಡಿದರು. ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಬಿಚ್ಚತೀರಾ?" ಎಂದು ಯಶೋಧಕ್ಕ ಕೇಳಿದರು.

"ಯಾಕ ಬಿಚ್ಚಬೇಕು ಬೇಟಿ? ಏನೂ ಆಗಿಲ್ಲ ಇದಕ್ಕ. ಹೊಸಾ ಸೊಸಿ ಇದ್ದಂಗ, ಮನಿಗೆ ಹೊಂದಾಕ ಟೈಮ್ ತಗೋತೈತಿ. ಒಂದು ಬುಕ್ ಮಾಡು. ಮೂವತ್ತು ದಿನ ಮುಳ್ಳು ಮುಟ್ಟಬ್ಯಾಡ. ಎಷ್ಟ ಮುಂದ ಹೋಗಲಿ, ಹೋಗಲಿ. ದಿನಾ ಒಂದ ಹೊತ್ತಿಗೆ ಕೀ ಕೊಡು, ಒಂದ ಹೊತ್ತಿಗೆ ಬರಿ. ರಾತ್ರಿ ಹೆಂಗ ಮಲಗಿಸಿದಿ ಅದನ್ನೂ ಬರಿ."

"ಮಲಗಿಸೋದಾ?"

"ಮುಖ ಮ್ಯಾಲ ಮಾಡಿ ಇಟ್ರ ಒಂದು ನಡಿಗಿ, ಕೀ ಮ್ಯಾಲ ಮಾಡಿ ನಿಲ್ಲಿಸಿದ್ರ ಇನ್ನೊಂದು ನಡಿಗಿ. ನೀ ಬಾಣಂತಿ ನೋಡ್ಕೋತಿ, ನಿನಗ ನಾ ಹೇಳಬೇಕಾ?"

ಆ ನೋಟ್‌ಬುಕ್ಕು ಹಾಗೆ ಶುರುವಾಯಿತು. ಆದರೆ ಐದನೆಯ ದಿನವೇ ಅದರಲ್ಲಿ ಅನಾಹುತ. ವಾಚು ಒಂದೇ ದಿನಕ್ಕೆ ನಾಲ್ಕು ನಿಮಿಷ ಮುಂದೆ ಹೋಗಿತ್ತು. ಯಶೋಧಕ್ಕ ಅಂದು ಕೆಲಸಕ್ಕೆ ಬಂದಾಗ ಮನೆಯಲ್ಲಿ ಯಾರಿಗೋ ಜ್ವರ ಬಂದಂಥ ಮುಖ ಮಾಡಿಕೊಂಡಿದ್ದರಂತೆ. ಜಮಾಲ್ ಸಾಬರು ದಿಕ್ಸೂಚಿಯೊಂದನ್ನು ವಾಚಿನ ಪಕ್ಕ ಇಟ್ಟರು. ಅದರ ಮುಳ್ಳು ಸರಕ್ಕನೆ ತಿರುಗಿತು. ಅಯಸ್ಕಾಂತದ ಹತ್ತಿರ ಇದ್ದು ವಾಚಿಗೆ ಕಾಂತ ಹಿಡಿದಿತ್ತು. ಹಿಂದಿನ ದಿನ ಯಶೋಧಕ್ಕ ಗಂಡನಿಗೆ ಚಹಾ ಕೊಡಲು ಹೋಗಿ, ಅಂಗಡಿಯಲ್ಲಿದ್ದ ದೊಡ್ಡ ಸ್ಪೀಕರ್ ಒಂದರ ಮೇಲೆ ವಾಚು ಬಿಚ್ಚಿಟ್ಟು ಮರೆತಿದ್ದರು. ಜಮಾಲ್ ಸಾಬರ ಕಾಂತ ಬಿಡಿಸುವ ಯಂತ್ರ ಕೆಟ್ಟು ಎಷ್ಟೋ ವರ್ಷವಾಗಿತ್ತು. ಅದರೊಳಗಿನ ಸುರುಳಿಯನ್ನು ಆ ರಾತ್ರಿ ಹೊಸದಾಗಿ ಸುತ್ತಿಕೊಟ್ಟವರು ಹುಲುಗಣ್ಣ. ಬೆಳಿಗ್ಗೆ ಇಬ್ಬರು ಮುದುಕರು ತಲೆಗೆ ತಲೆ ತಾಗಿಸಿ ನಿಂತು, ಆ ಸುರುಳಿಯ ನಡುವೆ ವಾಚನ್ನು ನಿಧಾನವಾಗಿ ತೂರಿಸಿ ಹೊರತೆಗೆದರು. ಅಂದಿನಿಂದ ಹುಲುಗಣ್ಣನವರು ಆ ವಾಚನ್ನು ಲೇವಡಿ ಮಾಡುವುದು ಬಿಟ್ಟರು. ಯಶೋಧಕ್ಕ ಅಂಗಡಿಯ ಬಾಗಿಲಿಗೆ ಬಂದರೆ, "ಅಲ್ಲೇ ನಿಂದ್ರು, ಅದನ್ನ ಬಿಚ್ಚಿಟ್ಟು ಬಾ" ಎಂದು ಒಳಗಿನಿಂದಲೇ ಕೂಗುತ್ತಾರೆ.

ಲೆಕ್ಕ ಮತ್ತೆ ಒಂದನೆಯ ದಿನದಿಂದ ಶುರುವಾಯಿತು. ನೋಟ್‌ಬುಕ್ಕಿನ ಪುಟ ನೋಡಿದರೆ ಜ್ವರದ ಚಾರ್ಟಿನ ಹಾಗಿದೆ. ದಿನ, ರಾತ್ರಿ ಇಟ್ಟ ರೀತಿ, ಆ ದಿನದ ಹೆಚ್ಚಳ, ಒಟ್ಟು ಹೆಚ್ಚಳ. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಅವತ್ತಿನ ಹೆರಿಗೆಗಳು, ಅವರ ವಾಚು ತೋರಿಸಿದ ಹೊತ್ತಿನೊಂದಿಗೆ. ಹೆರಿಗೆ ಮಾಡಿಸುವಾಗ ಯಶೋಧಕ್ಕ ವಾಚು ಕಟ್ಟುವುದಿಲ್ಲ. ಮೊಣಕೈವರೆಗೆ ತೊಳೆದ ಕೈಗೆ ಏನೂ ಇರಬಾರದು. ಅದನ್ನು ಕಿಟಕಿಯ ಹಲಗೆಯ ಮೇಲೆ ಒಂದು ಗಾಜಿನ ಲೋಟಕ್ಕೆ ಒರಗಿಸಿ, ತಮ್ಮ ಕಡೆಗೆ ಮುಖ ಮಾಡಿ ಇಡುತ್ತಾರೆ. ಹತ್ತಿಪ್ಪತ್ತು ದಿನದೊಳಗೆ ವಾಚಿನ ಸ್ವಭಾವ ಅವರಿಗೆ ತಿಳಿದುಹೋಯಿತು. ಮುಖ ಮೇಲಾಗಿ ಮಲಗಿಸಿದರೆ ಎಂಟು, ಕೀ ಮೇಲಾಗಿ ನಿಲ್ಲಿಸಿದರೆ ಐದು. ಐದಕ್ಕೆ ನಿಂತಿತು. ಒಂದು ದಿನ ಐದು, ಒಂದು ದಿನ ಆರು, ಮತ್ತೆ ಐದು.

"ಐದು ಸೆಕೆಂಡ್ ತಪ್ಪತೈತಲ್ಲ ಅಕ್ಕಾ, ಬೇಜಾರಿಲ್ಲೇನ್ರಿ?" ಎಂದು ನಾನು ಕೇಳಿದ್ದೆ.

"ದಿನಾ ಅಷ್ಟ ತಪ್ಪತೈತಲ್ಲ," ಎಂದರು. ಆ ಮಾತನ್ನು ಅವರು ಹೇಳಿದ ರೀತಿಯಲ್ಲಿ ಹೆಮ್ಮೆಯಿತ್ತು.

ಇಷ್ಟಾದ ಮೇಲೆ ಅವರಿಗೆ ಆಸ್ಪತ್ರೆಯ ಗೋಡೆ ಗಡಿಯಾರ ಸಹಿಸಲಾಗಲಿಲ್ಲ. ಹೆರಿಗೆ ಕೋಣೆಯ ಆ ಗಡಿಯಾರವನ್ನು ಯಾರು, ಯಾವಾಗ ಹತ್ತು ನಿಮಿಷ ಮುಂದಿಟ್ಟರೋ ಯಾರಿಗೂ ನೆನಪಿಲ್ಲ. ನಮ್ಮ ಕಡೆ ಎಲ್ಲ ಮನೆಗಳಲ್ಲೂ ಹಾಗೇ. ಬಸ್ಸು ತಪ್ಪಬಾರದೆಂದು ಗಡಿಯಾರ ಹತ್ತು ನಿಮಿಷ ಮುಂದೆ. ನೋಡಿದವರು ಮನಸ್ಸಿನಲ್ಲೇ ಹತ್ತು ಕಳೆದುಕೊಳ್ಳುತ್ತಾರೆ. ಆಸ್ಪತ್ರೆಯಲ್ಲೂ ಕೊಟ್ಟೂರಿನ ಬಸ್ಸು ಹಿಡಿಯಬೇಕಾದ ನರ್ಸುಗಳಿಗಾಗಿ ಅದು ಹಾಗೇ ಉಳಿದಿತ್ತು. ಕೂಸು ಹುಟ್ಟಿದಾಗ ಗಡಿಯಾರ ನೋಡಿ, ಹತ್ತು ಕಳೆದು ಬರೆಯುವುದು ಅಲ್ಲಿಯ ಪದ್ಧತಿ. ಮೊಬೈಲನ್ನು ಡಾಕ್ಟರು ಆ ಕೋಣೆಯೊಳಗೆ ಬಿಡುವುದಿಲ್ಲ.

ಇಪ್ಪತ್ತಮೂರನೆಯ ದಿನ ಯಶೋಧಕ್ಕ ಸ್ಟೂಲು ಹತ್ತಿ, ತಮ್ಮ ವಾಚು ನೋಡಿ, ಅದರ ಎರಡು ನಿಮಿಷದ ಹೆಚ್ಚಳ ಕಳೆದು, ಗೋಡೆ ಗಡಿಯಾರವನ್ನು ಸರಿಯಾದ ಹೊತ್ತಿಗೆ ತಂದರು. ಇದ್ದವರಿಗೆಲ್ಲ ಹೇಳಿದರು. "ಇನ್ನು ಮ್ಯಾಲ ಯಾರೂ ಕಳಿಯಂಗಿಲ್ಲ. ಎಷ್ಟ ಐತೋ ಅಷ್ಟ ಬರೀರಿ." ಅವತ್ತು ಕೊಟ್ಟೂರಿನ ಮೆಹರೀನ ಇರಲಿಲ್ಲ. ಸೇರಿ ಎರಡು ವರ್ಷವಾದ ಹುಡುಗಿ, ಹರಪನಹಳ್ಳಿಯಲ್ಲಿ ಮದುವೆಯೆಂದು ರಜೆ ಹಾಕಿದ್ದಳು.

ಮರುದಿನ ಮಧ್ಯಾಹ್ನ ಅವಳು ಬಂದಾಗ ಹೆರಿಗೆ ಕೋಣೆಯಲ್ಲಿ ಹಂಪಸಾಗರದ ರೇಖಾ ಇದ್ದಳು. ಚೊಚ್ಚಲ ಹೆರಿಗೆ, ತವರಿಗೆ ಬಂದಿದ್ದಳು. ಗಂಡ ಮಾರೇಶ ಕೂಡ್ಲಿಗಿ ಕಡೆಯ ಹಳ್ಳಿಯವನು, ಹೊಲಗಳಿಗೆ ಡ್ರಿಪ್ ಪೈಪು ಎಳೆಯುವ ಕೆಲಸ. ಮಗು ಹೊರಬಂದಾಗ ಯಶೋಧಕ್ಕನ ಎರಡೂ ಕೈ ಅದರ ಮೇಲಿದ್ದವು. "ಟೈಮ್ ಬರಿ!" ಎಂದು ಕೂಗಿ, ಅಭ್ಯಾಸದಂತೆ ಕಿಟಕಿಯ ಕಡೆ ಒಮ್ಮೆ ನೋಡಿದರು. ಆಮೇಲೆ ರಕ್ತಸ್ರಾವ ನಿಲ್ಲಲಿಲ್ಲ. ಮುಕ್ಕಾಲು ಗಂಟೆ ಡಾಕ್ಟರೂ ಅವರೂ ಮೇಜು ಬಿಟ್ಟು ಕದಲಲಿಲ್ಲ. ರೇಖಾ ಉಳಿದಳು. ಹೊರಗೆ ಕೂತಿದ್ದ ಅವಳ ತಾಯಿ ಪಂಪಮ್ಮ ಅಳಿಯನಿಗೆ ಫೋನು ಮಾಡಿದ್ದು ಐದೂವರೆಗೆ.

ಹೆರಿಗೆಯಾಗಿ ಮೂರು ದಿನದ ನಂತರ ನಾನು ಆ ಆಸ್ಪತ್ರೆಯಲ್ಲಿದ್ದೆ. ನನ್ನ ಅತ್ತಿಗೆ ಪಕ್ಕದ ಹಾಸಿಗೆಯ ಬಾಣಂತಿ. ಮಾರೇಶ ಗೇಟಿನ ಹೊರಗೆ ನಿಂತಿದ್ದ. ಹಿಂದಿನ ಎರಡು ದಿನವೂ ಅವನು ಅಲ್ಲೇ ನಿಂತಿದ್ದನೆಂದು ಅತ್ತಿಗೆ ಹೇಳಿದಳು. ಕೆಲಸದ ಹಂಪಮ್ಮನ ಕೈಯಲ್ಲಿ ಹಣ್ಣು ಕಳಿಸುತ್ತಿದ್ದ, ಕುಲಾವಿ ಕಳಿಸುತ್ತಿದ್ದ, ಒಳಗೆ ಮಾತ್ರ ಬರುತ್ತಿರಲಿಲ್ಲ. ಹಂಪಮ್ಮ ಹೊರಗೆ ಹೋದಾಗಲೆಲ್ಲ ಒಂದೇ ಪ್ರಶ್ನೆಯಂತೆ: "ಯಾರನ್ನ ಹೋಲತೈತಿ ಅಕ್ಕಾ?"

ತಡೆದದ್ದು ಅವನ ತಾಯಿ ಗಾದೆಮ್ಮ. ಮಗು ಹುಟ್ಟಿದ ಮರುದಿನ ಮಗನ ಜೊತೆ ಬಂದ ಆಕೆ, ಅವನನ್ನು ಗೇಟಿನಲ್ಲೇ ನಿಲ್ಲಿಸಿ, ಆಸ್ಪತ್ರೆಯ ಚೀಟಿ ಒಯ್ದು ಊರಿನ ಪಂಚಾಂಗದವರಿಗೆ ತೋರಿಸಿದ್ದಳು. ಅಂದು ಅಮಾವಾಸ್ಯೆ ಮುಗಿದದ್ದು ಸಂಜೆ ನಾಲ್ಕು ಇಪ್ಪತ್ತೆರಡಕ್ಕೆ. ಚೀಟಿಯಲ್ಲಿದ್ದದ್ದು ನಾಲ್ಕು ಹತ್ತೊಂಬತ್ತು. ಮೂರು ನಿಮಿಷ. ಶಾಂತಿ ಮಾಡಿಸುವವರೆಗೆ, ಇಪ್ಪತ್ತೇಳು ದಿನ, ತಂದೆ ಮಗುವಿನ ಮುಖ ನೋಡುವಂತಿಲ್ಲ ಎಂದು ಅವರು ಹೇಳಿದ್ದರು. ಪಂಪಮ್ಮ ಫೋಟೋ ತೆಗೆದು ಕಳಿಸಲು ಹೋದರೆ ಗಾದೆಮ್ಮ ಅದಕ್ಕೂ ಬಿಡಲಿಲ್ಲ. "ಫೋಟೋದಾಗ ಇರೋದೂ ಮುಖ ಅಲ್ಲೇನು?" ಎಂದಳಂತೆ. ರೇಖಾ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಎರಡು ದಿನದಿಂದ ಎದೆಹಾಲು ಸರಿಯಾಗಿ ಇಳಿಯುತ್ತಿರಲಿಲ್ಲ.

ಯಶೋಧಕ್ಕ ಆ ಎರಡು ದಿನ ರಜೆಯಲ್ಲಿದ್ದರು. ಅಂದು ಬೆಳಿಗ್ಗೆ ಬಂದು ವಿಷಯ ಕೇಳಿ, ನೇರವಾಗಿ ಗಾದೆಮ್ಮನ ಎದುರು ಕೂತರು.

"ಅಮಾಸಿ, ಹುಣ್ಣಿಮಿ ಕೂಸಿಗೇನು ಗೊತ್ತವ್ವಾ? ನನ್ನ ಕೈಯಾಗ ಅಮಾಸಿ ಕೂಸು ಎಷ್ಟು ಹುಟ್ಯಾವು. ಹಡಗಲ್ಯಾಗ ಒಬ್ಬ ಮಾಸ್ತರ ಆಗ್ಯಾನ. ಅವನ ಅಪ್ಪ ಇನ್ನೂ ಗಟ್ಟಿ ಅದಾನ."

ಗಾದೆಮ್ಮ ಜಗಳಕ್ಕೆ ನಿಲ್ಲಲಿಲ್ಲ. ಕೂಡ್ಲಿಗಿ ಸಂತೆಯಲ್ಲಿ ಹುಣಸೆಹಣ್ಣು ತೂಗಿ ಮಾರುವ ಹೆಂಗಸು, ದನಿ ಏರಿಸದೆ ಮಾತಾಡುವುದು ಅಭ್ಯಾಸವಾಗಿತ್ತು.

"ಸಿಸ್ಟರಮ್ಮಾ, ನಾ ಕೂಸನ್ನ ಬ್ಯಾಡ ಅಂದಿಲ್ಲ. ಹೆಣ್ಣು ಅಂತ ಮುಖ ಸಿಂಡರಿಸಿಲ್ಲ. ಹೊರಗ ನಿಂತಾನಲ್ಲ ನನ್ನ ಮಗ, ಅವನೂ ಅಮಾಸಿ ಕೂಸು. ಆವಾಗ ನಾನೂ ನಿಮ್ಮಂಗ ಅಂದಿದ್ದೆ, ಏನಾಗತೈತಿ ಬಿಡು ಅಂತ. ಶಾಂತಿ ಮಾಡಿಸಲಿಲ್ಲ. ಇವಗ ಏಳು ತಿಂಗಳಿದ್ದಾಗ ಇವನಪ್ಪ ಹೋದ. ನಾಳಿ ನನ್ನ ಮಗಗ ಏನರ ಆದ್ರ ನೀವು ಬರತೀರೇನು?"

ಇಪ್ಪತ್ತೊಂಬತ್ತು ವರ್ಷದಲ್ಲಿ ಎಷ್ಟೋ ಅಜ್ಜಿಯರ ಜೊತೆ ವಾದ ಮಾಡಿದ ಯಶೋಧಕ್ಕ ಈ ಮಾತಿಗೆ ಎದುರಾಡದೆ ಕೈ ಚಾಚಿದರು. "ಎಷ್ಟೊತ್ತಿಗೆ ಅಂತ ಬರದಾರ?" ಎಂದು ಚೀಟಿ ಕೇಳಿದರು.

ಚೀಟಿ ಓದಿದರು. ಮತ್ತೆ ಓದಿದರು. ಎದ್ದು ಹೋಗಿ ತಮ್ಮ ಚೀಲದಿಂದ ನೋಟ್‌ಬುಕ್ಕು ತಂದು ಪುಟ ತೆರೆದರು. ಇಪ್ಪತ್ತನಾಲ್ಕನೆಯ ದಿನ. ಒಟ್ಟು ಎರಡು ನಿಮಿಷ ನಾಲ್ಕು ಸೆಕೆಂಡು ಮುಂದೆ. ಅಂಚಿನಲ್ಲಿ, "ರೇಖಾ, ಹೆಣ್ಣು, 4.31". ಎರಡು ಕಳೆದರೆ ನಾಲ್ಕು ಇಪ್ಪತ್ತೊಂಬತ್ತು.

"ಮೆಹರೀನಾ, ಬಾ ಇಲ್ಲಿ. ಇದನ್ನ ಗೋಡಿ ಗಡಿಯಾರ ನೋಡಿ ಬರದ್ಯಾ?"

"ಹೌದಕ್ಕಾ. ನಾಲ್ಕು ಇಪ್ಪತ್ತೊಂಬತ್ತು ಇತ್ತು. ಹತ್ತು ಕಳದೆ." ಹಾಗೆ ಹೇಳಿ ಮೆಹರೀನ ಯಶೋಧಕ್ಕನ ಮುಖ ನೋಡಿದಳು. "ಯಾಕ? ದಿನಾ ಕಳಿಯೋದ ಅಲ್ಲಾ?"

ಹಂಪಮ್ಮ ನೆಲ ಒರೆಸುವುದನ್ನು ನಿಲ್ಲಿಸಿ, "ಅಯ್ಯ ನನ್ನವ್ವಾ, ಇಕಿಗೆ ಯಾರೂ ಹೇಳೇ ಇಲ್ಲ" ಎಂದಳು. ಮೆಹರೀನಳ ಕಣ್ಣು ಆಗಲೇ ತುಂಬಿತ್ತು. ಅವಳದೇ ತಪ್ಪು ಎಂದು ಹೇಳಿಬಿಡುವುದು ಆ ಕ್ಷಣದಲ್ಲಿ ಬಹಳ ಸುಲಭವಿತ್ತು. ಬರೆದದ್ದು ಅವಳ ಕೈ.

ಯಶೋಧಕ್ಕ ಗಾದೆಮ್ಮನ ಕಡೆ ತಿರುಗಿದರು. ವಾರ್ಡಿನ ಎಲ್ಲ ಹಾಸಿಗೆಗಳಿಗೂ ಕೇಳುವ ದನಿಯಲ್ಲಿ ಹೇಳಿದರು.

"ತಪ್ಪು ನಂದವ್ವಾ. ಇಲ್ಲಿ ಗಡಿಯಾರ ಮೊದಲಿಂದ ಹತ್ತು ನಿಮಿಷ ಮುಂದಿತ್ತು. ಎಲ್ಲಾರೂ ಹತ್ತು ಕಳದು ಬರೀತಿದ್ದರು. ಹೆರಿಗಿ ಹಿಂದಿನ ದಿನ ನಾ ಅದನ್ನ ಸರಿ ಮಾಡೀನಿ. ಈ ಹುಡುಗಿ ರಜಾದಾಗಿದ್ದಳು, ಇಕಿಗೆ ಹೇಳೋದು ಬಿಟ್ಟೀನಿ. ಸರಿ ಇದ್ದ ಗಡಿಯಾರದಾಗ ಇಕಿ ಹತ್ತು ಕಳದಾಳ. ಕೂಸು ಹುಟ್ಟಿದ್ದು ನಾಲ್ಕು ಇಪ್ಪತ್ತೊಂಬತ್ತಕ್ಕ. ಅಮಾಸಿ ಮುಗದು ಏಳು ನಿಮಿಷ ಆಗಿತ್ತು."

ಪಂಪಮ್ಮ ಎರಡೂ ಕೈ ಜೋಡಿಸಿಬಿಟ್ಟಳು. ರೇಖಾ ಗೋಡೆಯಿಂದ ಈ ಕಡೆ ತಿರುಗಿದಳು. ಗಾದೆಮ್ಮ ಮಾತ್ರ ಅಲುಗಲಿಲ್ಲ.

"ನೀವು ಒಳ್ಳೇರದೀರಿ ಸಿಸ್ಟರಮ್ಮಾ," ಎಂದಳು. "ಈಗ ಅಮಾಸಿ ಅಂದ್ರ ಏನೂ ಅಲ್ಲ ಅಂದ್ರಿ. ನಾ ಒಪ್ಪಲಿಲ್ಲ. ಒಪ್ಪದಿದ್ದ ಮ್ಯಾಲ ಅಮಾಸೀನ ಅಲ್ಲ ಅನ್ನಾಕತ್ತೀರಿ. ಕೂಸಿನ ಮ್ಯಾಲಿನ ಮರುಕಕ್ಕ ಅಂತೀರಿ, ತಿಳೀತೈತಿ ನನಗ."

ಅದು ನ್ಯಾಯವಾದ ಅನುಮಾನ. ಯಶೋಧಕ್ಕನ ಮುಖ ಕೆಂಪಾಯಿತು. ಅವರಿಗೆ ನೀವು ಸುಳ್ಳು ಹೇಳುತ್ತೀರಿ ಎಂದವರು ಆ ಊರಿನಲ್ಲಿ ಯಾರೂ ಇರಲಿಲ್ಲ. ನೋಟ್‌ಬುಕ್ಕನ್ನು ಗಾದೆಮ್ಮನ ಮುಂದೆ ಹಿಡಿದರು.

"ಇದರಾಗ ಬರದೀನಿ. ಅವತ್ತ ಬರದದ್ದು."

"ನನಗ ಓದಾಕ ಬರಂಗಿಲ್ಲ. ನೀವು ಓದಿದ್ರ ನೀವ ಹೇಳಿದಂಗಾತು." ಗಾದೆಮ್ಮ ಸುತ್ತ ನೋಡಿ ನನ್ನನ್ನು ಕರೆದಳು. "ಏ ತಂಗೀ, ನೀ ಬಾ. ನೀ ಇವರ ಪೈಕಿ ಅಲ್ಲಲ್ಲ? ಮೊದಲಿಂದ ಓದು. ಬಿಡಬ್ಯಾಡ."

ನಾನು ಹಾಸಿಗೆಯ ತುದಿಯಲ್ಲಿ ಕೂತು ಓದಿದೆ. ಒಂದನೇ ದಿನ, ಮುಖ ಮೇಲೆ, ಎಂಟು. ಎರಡನೇ ದಿನ, ಕೀ ಮೇಲೆ, ಐದು. ಮೂರನೇ ದಿನ ಐದು, ಒಟ್ಟು ಹದಿನೆಂಟು. ಓದುತ್ತಾ ಹೋದಂತೆ ಪಕ್ಕದ ಹಾಸಿಗೆಗಳವರೂ ಕಿವಿಗೊಟ್ಟರು. ನಡುವೆ ಗಾದೆಮ್ಮ ಕೈ ಎತ್ತಿ, "ತಡಿ, ಇದು ಏನಿದು, ದಿನಾ ಮುಂದ ಹೋಗತೈತಿ ಅಂತೀಯಲ್ಲ. ಕೆಟ್ಟ ಗಡಿಯಾರಾನಾ?" ಎಂದಳು.

"ಕೆಟ್ಟಿಲ್ಲವ್ವಾ," ಎಂದರು ಯಶೋಧಕ್ಕ. "ದಿನಾ ಐದು ಸೆಕೆಂಡ್ ಮುಂದ ಹೋಗತೈತಿ. ಎಷ್ಟು ಹೋಗೈತಿ ಅಂತ ಬರದಿಟ್ಟೀನಿ. ಕಳದ್ರ ಸರಿ ಹೊತ್ತು ಸಿಗತೈತಿ."

ಗಾದೆಮ್ಮ ತಲೆ ಬಗ್ಗಿಸಿ ಯೋಚಿಸಿದಳು. "ನನ್ನ ತಕ್ಕಡೀನೂ ಒಂದು ಕಡಿಗೆ ಜಗ್ಗತೈತಿ. ಎಷ್ಟು ಅಂತ ನನಗ ಗೊತ್ತು. ನಾಲ್ಕು ಹುಣಸಿಬೀಜ ಬಟ್ಟ್ಯಾಗ ಕಟ್ಟಿ ಇನ್ನೊಂದು ಕಡಿಗೆ ಇಳಿಬಿಟ್ಟೀನಿ. ಓದು ತಂಗೀ."

ಓದಿದೆ. ಹತ್ತನೇ ದಿನ ಐದು. ಹನ್ನೊಂದನೇ ದಿನ ಅಂಕಿ ಇರಲಿಲ್ಲ. ಅಲ್ಲಿ ಬರೆದದ್ದನ್ನು ಹಾಗೇ ಓದಿದೆ: "ಇವತ್ತು ಬರೆಯಲು ಮರೆತೆ. ಖಾಲಿ ಬಿಟ್ಟಿದ್ದೇನೆ."

"ಏನಂದಿ?"

ಮತ್ತೆ ಓದಿದೆ.

"ಮರತೀನಿ ಅಂತನೂ ಬರದಾರ?" ಗಾದೆಮ್ಮ ಮುಂದಕ್ಕೆ ಬಾಗಿದಳು. "ಐದು ಅಂತ ಹಾಕಿದ್ದರ ಯಾರು ಕೇಳತಿದ್ದರು?"

"ಯಾರೂ ಕೇಳತಿರಲಿಲ್ಲ," ಎಂದರು ಯಶೋಧಕ್ಕ.

ಗಾದೆಮ್ಮ ನೋಟ್‌ಬುಕ್ಕನ್ನು ನನ್ನ ಕೈಯಿಂದ ತೆಗೆದುಕೊಂಡು, ಓದಲು ಬಾರದ ಆ ಪುಟದ ಮೇಲೆ, ಖಾಲಿ ಜಾಗದಲ್ಲಿ, ಹುಣಸೆಯ ಕಲೆ ಹತ್ತಿದ ಬೆರಳಿಟ್ಟಳು. ಎಷ್ಟೋ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ಇಪ್ಪತ್ತನಾಲ್ಕನೆಯ ದಿನದವರೆಗೆ ಓದುವುದು ಬೇಕಾಗಲಿಲ್ಲ.

"ನಿಮ್ಮ ದೊಡ್ಡ ಪುಸ್ತಕದಾಗೂ ತಿದ್ದರಿ," ಎಂದಳು. "ಚೀಟ್ಯಾಗೂ ತಿದ್ದರಿ. ಆಮ್ಯಾಲ ನಮ್ಮ ಪಂಚಾಂಗದವರಿಗೆ ನಾ ಹೇಳತೀನಿ."

ಡಾಕ್ಟರ್ ಗಂಗಾಧರ್ ಓಪಿಡಿಯಿಂದ ಬಂದು ಕನ್ನಡಕ ಹಣೆಗೇರಿಸಿದರು. "ಹತ್ತು ನಿಮಿಷಕ್ಕ ಇಷ್ಟೊಂದು ರಾದ್ಧಾಂತನಾ ಯಶೋಧಮ್ಮಾ? ಮೆಹರೀನಾ ತಿದ್ದಲಿ, ನಾ ಸಹಿ ಹಾಕತೀನಿ."

"ಇಲ್ಲ ಸರ್. ನಾನ ತಿದ್ದತೀನಿ."

ಮೇಜಿನ ಮೇಲೆ ರಿಜಿಸ್ಟರು ತೆರೆದರು. ಆ ಸಾಲಿನ ಮೇಲೆ ಅಳತೆಪಟ್ಟಿ ಇಟ್ಟು, 4.19ರ ಮೇಲೆ ಒಂದು ಗೆರೆ ಎಳೆದರು. ಕೆಳಗಿದ್ದ ಅಂಕಿ ಕಾಣುವಂತೆ, ತೆಳ್ಳಗೆ. ಮೇಲೆ 4.29 ಎಂದು ಬರೆದರು. ಪಕ್ಕದಲ್ಲಿ ಕಾರಣ: ಗೋಡೆ ಗಡಿಯಾರ ಸರಿಪಡಿಸಿದ್ದನ್ನು ಎಲ್ಲರಿಗೂ ತಿಳಿಸದೆ ಆದ ತಪ್ಪು, ಜವಾಬ್ದಾರಿ ನನ್ನದು. ಹೆಸರು ಬರೆದು ಸಹಿ ಹಾಕಿದರು. ಮೆಹರೀನ ಪಕ್ಕದಲ್ಲಿ ನಿಂತು ಮೂಗೊರೆಸಿಕೊಳ್ಳುತ್ತಿದ್ದಳು. "ಅಳಬ್ಯಾಡಲೇ, ಸಾಲು ಒದ್ದಿ ಆಗತೈತಿ," ಎಂದರು ಯಶೋಧಕ್ಕ, ತಲೆಯೆತ್ತದೆ.

ಮಾರೇಶನನ್ನು ಕರೆಯಲು ಹಂಪಮ್ಮ ಓಡಿದಳು. ಅವನು ಬಂದು ವಾರ್ಡಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟ. ನಲ್ಲಿಯಲ್ಲಿ ಕೈ ತೊಳೆದ, ಮತ್ತೆ ತೊಳೆದ, ಅಂಗಿಗೆ ಒರೆಸಿಕೊಂಡು ಮೂರನೆಯ ಸಲ ತೊಳೆದ. ತಾಯಿಯ ಮುಖ ನೋಡಿದ. ಗಾದೆಮ್ಮ ಮಗುವನ್ನು ತಾನೇ ಎತ್ತಿ ಅವನ ಕೈಗಿಟ್ಟು, ಪಕ್ಕಕ್ಕೆ ಸರಿದು ನಿಂತಳು. ಪೈಪುಗಳನ್ನು ಹೆಗಲ ಮೇಲೆ ಹೊತ್ತು ನಡೆಯುವ ಗಂಡಸು ಮೂರು ಕಿಲೋ ಕೂಸನ್ನು ಹಿಡಿಯಲಾಗದೆ ಮೊಣಕೈ ಬಿಗಿದುಕೊಂಡು ನಿಂತುಬಿಟ್ಟ. "ಉಸಿರು ಬಿಡೋ ಮಾರಾಯಾ," ಎಂದಳು ಪಂಪಮ್ಮ. ರೇಖಾ ಮೂರು ದಿನದಲ್ಲಿ ಮೊದಲ ಸಲ ನಕ್ಕಳು. ಅವನು ಮಗುವಿನ ಮುಖವನ್ನೇ ನೋಡುತ್ತ, "ಯಾರನ್ನೂ ಹೋಲಂಗಿಲ್ಲ," ಎಂದ, ಅದೇ ದೊಡ್ಡ ಸುದ್ದಿಯೆಂಬಂತೆ.

ಮಧ್ಯಾಹ್ನ ಯಶೋಧಕ್ಕ ಹಿಂದಿನ ವರಾಂಡದಲ್ಲಿ ಬುತ್ತಿ ಬಿಚ್ಚಿದ್ದರು. ರೊಟ್ಟಿ ಮುರಿದು ನನಗೂ ಅರ್ಧ ಕೊಟ್ಟರು. ಅವರು ಗೆದ್ದವರ ಹಾಗೆ ಕಾಣುತ್ತಿರಲಿಲ್ಲ.

"ಇವತ್ತ ಲೆಕ್ಕ ಕೂಸಿನ ಕಡಿಗೆ ಬಂತು," ಎಂದರು. "ಅಷ್ಟ. ನಾ ಆ ಗಾದೆಮ್ಮಗ ಅಮಾಸಿ ಬಗ್ಗೆ ಏನೂ ತಿಳಿಸಿ ಹೇಳಾಕ ಆಗಲಿಲ್ಲ."

ನನ್ನೊಳಗೆ ಬೆಳಗಿನಿಂದ ಒಂದು ಪ್ರಶ್ನೆ ಇತ್ತು. ಕೇಳಬಾರದು ಎಂದುಕೊಂಡಿದ್ದೆ. ಆದರೂ ಕೇಳಿದೆ.

"ಅಕ್ಕಾ, ತಿರುಗಾ ಆಗಿದ್ರ? ಬರದದ್ದು ಅಮಾಸಿ ಮುಗದ ಮ್ಯಾಲಿಂದು ಆಗಿ, ನಿಮ್ಮ ವಾಚಿನ ಲೆಕ್ಕದಾಗ ಅಮಾಸಿ ಒಳಗ ಬಂದಿದ್ರ? ಆವಾಗೂ ಹೇಳತಿದ್ರೇನ್ರಿ?"

ಅವರು ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದುಕೊಂಡರು. ಉತ್ತರ ಅವರಿಗೆ ಗೊತ್ತಿತ್ತು ಎಂದು ನನಗನಿಸಿತು. ಅದನ್ನು ಯಾವ ಕಡೆಯಿಂದ ಹೇಳಬೇಕೆಂದು ಮಾತ್ರ ಹುಡುಕುತ್ತಿದ್ದರು. ಅಷ್ಟರಲ್ಲಿ ಒಳಗಿನಿಂದ ಮೆಹರೀನ, "ಅಕ್ಕಾ, ನಾಲ್ಕನೇ ಬೆಡ್ಡಿಂದು ನೋವು ಜೋರಾಗೈತಿ, ಬರ್ರಿ!" ಎಂದು ಕೂಗಿದಳು. ಯಶೋಧಕ್ಕ ಎದ್ದು, ಬುತ್ತಿಗೆ ಮುಚ್ಚಳ ಹಾಕಿ, ನಲ್ಲಿಯ ಕೆಳಗೆ ಕೈ ಹಿಡಿದರು.

"ತಿದ್ದತಿದ್ದೆ," ಎಂದರು. "ಪುಸ್ತಕದಾಗ ಸುಳ್ಳು ಬಿಡತಿರಲಿಲ್ಲ." ಒದ್ದೆ ಕೈ ಮುಂದೆ ಹಿಡಿದುಕೊಂಡು ಬಾಗಿಲ ಕಡೆ ನಡೆದರು, ನಡೆಯುತ್ತಲೇ ಅರ್ಧ ತಿರುಗಿ, "ಆದರ ತಿದ್ದಾಕಿಂತ ಮೊದಲು ಆ ಮಾರೇಶನ್ನ ನಾನ ಒಳಗ ಕರಕೊಂಡು ಬಂದು, ಕೂಸನ್ನ ಅವನ ಕೈಯಾಗ ಕೊಟ್ಟು, ಆಮ್ಯಾಲ ಆಯವ್ವನ ಎದುರಿಗೆ ಕುಂತು ತಿದ್ದತಿದ್ದೆ," ಎಂದು ಒಳಗೆ ಹೋದರು.